ಅರಮನೆಯ ಪಾರಿವಾಳ, ನಮ್ಮ ಅಟ್ಟದ ಲಕ್ಕ

ನಮ್ಮ ಕಾಸರಗೋಡಿನಲ್ಲಿ ತುಳುವರು ಪುದ ಅಂತಾರೆ, ಮಲಯಾಳಿಗಳು ಪ್ರಾವು, ನಾವು ಪಾರಿವಾಳ. ಅದನ್ನು ಸಾಕುವ ಹುಡುಗರನ್ನು ಕಂಡರೆ ‘ಕೆಲಸ ಇಲ್ಲದವರ ಹೊಸ ಶೋಕಿ’ ಎಂದು ಬೈಯುವ ಹಿರಿಯರು ಉಂಟು. ಶೋಕಿ ಹೌದು, ಹೊಸತಲ್ಲ ಮಾರಾಯ್ರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ‘ಮಾನಸೋಲ್ಲಾಸ’ ಅಂತ ಸಂಸ್ಕೃತ ಗ್ರಂಥ ಮಾಡಿದ. ಅದರಲ್ಲಿ ಅರಸರ ವಿನೋದಗಳನ್ನು ಹೇಳುವಾಗ ಕೋಳಿ ಅಂಕದ ಜೊತೆಗೆ ಪಾರಿವಾಳಕ್ಕೂ ಜಾಗ ಕೊಟ್ಟಿದ್ದಾನೆ. ಆಮೇಲೆ ಬಂದ ಅಕ್ಬರ ಬಾದಶಹನ ಹತ್ತಿರ 20,000ಕ್ಕೂ ಹೆಚ್ಚು ಇದ್ದವಂತೆ. ಹಾರಿಸುವ ಆಟಕ್ಕೆ ಅವನ ಹೆಸರು ಇಷ್ಕ್‌ಬಾಜಿ, ಅಂದರೆ ಪ್ರೀತಿಯಾಟ.

ಇಷ್ಟು ಬಗೆ ಎಲ್ಲಿಂದ ಬಂತು? ಇಂಗ್ಲೆಂಡಿನ ಡಾರ್ವಿನ್ ತಾನೇ ಪಾರಿವಾಳ ಸಾಕಿ, ತಳಿ ಸೇರಿಸಿ ನೋಡಿ 1859ರ ಪುಸ್ತಕದಲ್ಲಿ ಬರೆದ: ಎಲ್ಲದಕ್ಕೂ ಮೂಲ ಬಂಡೆ ಸಂದಿನ ಬೂದು ಪಾರಿವಾಳ ಒಂದೇ. ಆ ಬೂದು ಹಕ್ಕಿಯ ಬಾಲಕ್ಕೆ 12 ಗರಿ. ಬೀಸಣಿಗೆ ಬಾಲದ ಲಕ್ಕನಿಗೆ 30, 40 ಇರುತ್ತದೆ. ಬಾಲ ಅಗಲ ಇದ್ದದ್ದನ್ನೇ ಆರಿಸಿ ಆರಿಸಿ ಜೋಡಿ ಮಾಡಿದ್ದು. ನಾವು ಬಿತ್ತಕ್ಕೆ ಒಳ್ಳೆ ತೆನೆ ತೆಗೆದಿಡುವುದಿಲ್ಲವಾ, ಅದೇ ಲೆಕ್ಕ. ಆದರೆ ತೆನೆ ಆರಿಸುವುದು ಹೊಟ್ಟೆಗೆ, ಇದು ಬರೀ ಕಣ್ಣಿಗೆ.

ಅದಕ್ಕೆ ಬೆಲೆ ಕೊಟ್ಟದ್ದು ಹಕ್ಕಿ. ಲಕ್ಕ ನೋಡಲು ಚಂದ, ಗಾಳಿಗೆ ಸರಿಯಾಗಿ ಹಾರಲಾರದು. ಗಿಡುಗ ಬಂದರೆ ಮುಗಿಯಿತು. ಕೊಕ್ಕು ಗಿಡ್ಡ ಮಾಡಿದ ತಳಿಗಳ ಪಾಡು ಇನ್ನೂ ಕಷ್ಟ. ಪಾರಿವಾಳದಲ್ಲಿ ಗಂಡು, ಹೆಣ್ಣು ಎರಡೂ ಗಂಟಲ ಚೀಲದಲ್ಲಿ ಹಾಲಿನಂಥದ್ದು ಮಾಡಿ ಮರಿಯ ಬಾಯಿಗೆ ಕೊಡುತ್ತವೆ. ತೀರಾ ಗಿಡ್ಡ ಕೊಕ್ಕಿನವು ಹಾಗೆ ಉಣಿಸಲು ಒದ್ದಾಡುತ್ತವೆ. ಅದಕ್ಕೇ ಸಾಕುವವರು ಅವುಗಳ ಮೊಟ್ಟೆ ತೆಗೆದು ಸಾದಾ ಜೋಡಿಯ ಕೆಳಗೆ ಇಡುತ್ತಾರೆ. 18 ದಿನ ಕಾವು ಕೂತು, ಹಾಲು ಕೊಟ್ಟು, ಬಹುಮಾನದ ಮರಿಯನ್ನು ದೊಡ್ಡ ಮಾಡುವುದು ಆ ಸಾದಾ ಜೋಡಿ.