ಮರಳು ಕಾಯ್ದದ್ದು, ಕತ್ತರಿ ಕಳೆದದ್ದು

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಈಜಿಪ್ಟಿನ ಅಖ್ಮೀಮ್ ಊರಿನಿಂದ ಬಂದ ಹಳೆಯ ಬಟ್ಟೆಯ ತುಂಡುಗಳಿವೆ. ಒಂದು ಚೌಕ, ಒಂದು ದುಂಡನೆಯ ಬಿಲ್ಲೆ, ಒಂದು ಉದ್ದನೆಯ ಪಟ್ಟಿ. ಅವುಗಳ ಮೇಲೆ ದ್ರಾಕ್ಷಿಬಳ್ಳಿ, ಪ್ರಾಣಿ, ಕುದುರೆಸವಾರರ ಚಿತ್ರಗಳು. ಕ್ರಿ. ಶ. ಮೊದಲ ಸಹಸ್ರಮಾನದ ಈ ನೇಯ್ಗೆಗೆ ‘ಕಾಪ್ಟಿಕ್’ ಎಂಬ ಹೆಸರು ರೂಢಿಯಾಗಿದೆ. ಕಾಪ್ಟರೆಂದರೆ ಈಜಿಪ್ಟಿನ ಕ್ರೈಸ್ತರು.

ಇವುಗಳಲ್ಲಿ ಬಹುಪಾಲಿನವುಗಳ ಹಾಸು ಅಗಸೆಯ ನಾರಿನದು, ಚಿತ್ರದ ಹೊಕ್ಕು ಉಣ್ಣೆಯದು. ಅಗಸೆಯ ಎಣ್ಣೆಯನ್ನೂ ಹಿಂಡಿಯನ್ನೂ ಬಲ್ಲ ನಮ್ಮವರಿಗೆ ಅದೇ ಗಿಡದ ಕಾಂಡದಿಂದ ನೂಲು ತೆಗೆಯುವುದು ಹೊಸದೆನಿಸೀತು. ಈಜಿಪ್ಟಿಗಾದರೋ ಅದು ಫೇರೋಗಳಿಗಿಂತಲೂ ಹಳೆಯ ವಿದ್ಯೆ. ಅಖ್ಮೀಮ್, ಎಂದರೆ ಗ್ರೀಕರ ಪನೋಪೊಲಿಸ್, ನಾರುಬಟ್ಟೆಯ ಕೆಲಸಗಾರರ ಪುರಾತನ ನೆಲೆಯೆಂದು ಭೂಗೋಳಕಾರ ಸ್ಟ್ರಾಬೊ ಹೇಳಿದ್ದಾನೆ.

ಈ ನಾರಿಗೆ ಬಣ್ಣ ಸುಲಭವಾಗಿ ಹಿಡಿಯದು. ಉಣ್ಣೆ ಬಣ್ಣವನ್ನು ಕುಡಿದುಬಿಡುತ್ತದೆ. ಆದುದರಿಂದ ನೇಕಾರನು ಅಂಗಿಯ ಮೈಯನ್ನು ಬಿಳಿಯಾಗಿಯೇ ಬಿಟ್ಟು, ಚಿತ್ರ ಬೇಕಾದೆಡೆ ಮಾತ್ರ ಬಣ್ಣದ ಉಣ್ಣೆಯನ್ನು ಹೊಗಿಸಿದನು. ಕಡಲ ಶಂಖದ ಊದಾಬಣ್ಣ ಅರಸರಿಗೆ ತಕ್ಕ ಬೆಲೆಯದು. ಬಡವನ ಊದಾ ಮಂಜಿಷ್ಠಜಾತಿಯ ಬೇರಿನ ಕೆಂಪೂ ನೀಲಿಯೂ ಕೂಡಿದ್ದು. ಅನೇಕ ಅಂಗಿಗಳು ತೋಳಿನಿಂದ ತೋಳಿನವರೆಗೆ ಮಗ್ಗದ ಮೇಲೆಯೇ ಇಡಿಯಾಗಿ ರೂಪುಗೊಂಡವು.

ಶವಗಳಿಗೆ ಮಸಾಲೆ ತುಂಬುವ ಪದ್ಧತಿ ಅಳಿದ ಮೇಲೆ ಸತ್ತವರನ್ನು ಅವರು ಉಟ್ಟ ಬಟ್ಟೆಯಲ್ಲೇ ಹೂಳುತ್ತಿದ್ದರು. ಮಳೆಯನ್ನೇ ಕಾಣದ ಮರಳು ಆ ಬಟ್ಟೆಗಳನ್ನು ಸಾವಿರ ವರ್ಷಕ್ಕೂ ಮಿಕ್ಕಿ ಕಾಯಿತು.

1880ರ ದಶಕದಲ್ಲಿ ಮಾಸ್ಪೆರೊ ಅಖ್ಮೀಮಿನ ಸ್ಮಶಾನಗಳನ್ನು ಬೆಳಕಿಗೆ ತಂದನು. ಬಟ್ಟೆ ಮಾರುಕಟ್ಟೆಗೆ ಹರಿಯಿತು. ಕೊಳ್ಳುವವರಿಗೆ ಬೇಕಾದದ್ದು ಬಣ್ಣದ ಚಿತ್ರ. ಬಿಳಿಯ ಮೈ ಬೇಡವಾಯಿತು. ಜರ್ಮನಿಯ ಪಾದ್ರಿ ಫ್ರಾಂಟ್ಸ್ ಬಾಕ್ ಒಂದೇ ಬಟ್ಟೆಯನ್ನು ತುಂಡರಿಸಿ ಹಲವು ವಸ್ತುಸಂಗ್ರಹಾಲಯಗಳಿಗೆ ಹಂಚಿದುದು ಪ್ರಸಿದ್ಧವೇ ಆಗಿದೆ. ಹೀಗೆ ಕಳೆದುಹೋದದ್ದು ಬರಿಯ ಬಟ್ಟೆಯಲ್ಲ. ಉಟ್ಟವರು ಮಗುವೋ ಮುದುಕರೋ, ಹರಿದಲ್ಲಿ ತೇಪೆ ಹಾಕಿದ್ದರೋ, ಸಮಾಧಿಯಲ್ಲಿ ಜೊತೆಗೆ ಏನಿತ್ತು ಎಂಬುದೂ ಕಳೆಯಿತು. ಇಂದು ರೇಡಿಯೋ ಕಾರ್ಬನ್ ಪರೀಕ್ಷೆಯು ಎಳೆಯ ಕಾಲವನ್ನು ಹೇಳಬಲ್ಲುದು. ಉಟ್ಟವರ ಕಥೆಯನ್ನು ಹೇಳಲಾರದು.

ಕತ್ತರಿ ಹಿಡಿದವರನ್ನು ಹಳಿಯುವುದು ಸುಲಭ. ಆದರೆ ಪರಊರಿನ ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿಯೂ ಅಜ್ಜಿಯ ಇಳಕಲ್ ಸೀರೆಗಳಿವೆ. ಸೆರಗು ಚೆಂದವೆಂದು ಅದನ್ನಷ್ಟೇ ಕತ್ತರಿಸಿ ಗೋಡೆಗೆ ತೂಗುಹಾಕುವ ಮುನ್ನ ಒಂದು ಮಾತನ್ನು ನೆನೆಯೋಣ: ಸೆರಗು ಅವಳ ಹಬ್ಬದ ದಿನವನ್ನು ಹೇಳೀತು; ಸವೆದ ಒಡಲೇ ಅವಳ ಉಳಿದ ದಿನಗಳನ್ನೆಲ್ಲ ಬಲ್ಲದು.