ಪದ ಪರಿಚಯ: ಎಮ್ಯುಲೇಟರ್

ಸರಿಸಮನಾಗಲು ಸ್ಪರ್ಧಿಸುವುದೆಂಬ ಅರ್ಥವುಳ್ಳ ‘ಐಮುಲಾರಿ’ ಎಂಬ ಲ್ಯಾಟಿನ್ ಕ್ರಿಯಾಪದದಿಂದ ಹುಟ್ಟಿ, ಇಂಗ್ಲಿಷಿನಲ್ಲಿ ಬಹುಕಾಲ ಪರರ ಗುಣಗಳನ್ನು ಅನುಸರಿಸಿ ಅವರಿಗೆ ಸಾಟಿಯಾಗಲೆಳಸುವವನನ್ನು ಸೂಚಿಸುತ್ತಿದ್ದ ಈ ಶಬ್ದವು, 1963ರಲ್ಲಿ ಐಬಿಎಂ ಸಂಸ್ಥೆಯ ತಂತ್ರಜ್ಞರಿಂದ ಪಾರಿಭಾಷಿಕ ಅರ್ಥವನ್ನು ಪಡೆಯಿತು. ಮರುವರ್ಷ ಪ್ರಕಟಗೊಂಡ ಸಿಸ್ಟಮ್/360 ಗಣಕಗಳಲ್ಲಿ, ಹಳೆಯ ಗಣಕಗಳಿಗಾಗಿ ಬರೆದ ಪ್ರೋಗ್ರಾಮುಗಳು ವ್ಯರ್ಥವಾಗದೆ ನಡೆಯಲೆಂದು ರಚಿಸಿದ ವ್ಯವಸ್ಥೆಗೆ ಈ ಹೆಸರು ಸಂದಿತು. ಕೇವಲ ತಂತ್ರಾಂಶದಿಂದಾದುದು ಸಿಮ್ಯುಲೇಟರ್, ಯಂತ್ರಾಂಶದ ನೆರವನ್ನೂ ಪಡೆದುದು ಎಮ್ಯುಲೇಟರ್ ಎಂಬುದು ಅಂದಿನ ಭೇದ.

ಕಾಲಕ್ರಮದಲ್ಲಿ ಆ ಭೇದವು ಸಡಿಲಗೊಂಡು, ಇಂದು ಈ ಪದವು ಹಳೆಯ ಗೇಮ್ ಕನ್ಸೋಲಿನ ವರ್ತನೆಯನ್ನು ಕಂಪ್ಯೂಟರಿನಲ್ಲಿ ಪುನಃಸೃಷ್ಟಿಸುವ ತಂತ್ರಾಂಶಕ್ಕೇ ವಿಶೇಷವಾಗಿ ಸಲ್ಲುತ್ತದೆ. ಅದನ್ನು ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ಕಾರ್ಯವು ಮುಗಿಯದು. 1994ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್ನನ್ನೇ ನಿದರ್ಶನವಾಗಿ ಕೊಂಡರೆ, ಆ ಯಂತ್ರವನ್ನು ಎಚ್ಚರಿಸುವ ಬಯೋಸ್ ಎಂಬ ಮೂಲಕಡತವಿರುವ ಸ್ಥಳವನ್ನು ತೋರಿಸುವುದು, ಕಂಟ್ರೋಲರಿನ ಪ್ರತಿಯೊಂದು ಗುಂಡಿಗೂ ಕೀಲಿಯೊಂದನ್ನು ಗೊತ್ತುಪಡಿಸುವುದು, ಚಿತ್ರವು ಅಗಲಕ್ಕೆ ಜಗ್ಗಿ ವಿಕಾರಗೊಳ್ಳದಂತೆ 4:3ರ ಪ್ರಮಾಣವನ್ನು ಕಾಯ್ದುಕೊಳ್ಳುವುದು, ಆಟದ ಪ್ರಗತಿಯನ್ನು ಉಳಿಸಲು 128 ಕಿಲೋಬೈಟಿನ ಮೆಮೊರಿ ಕಾರ್ಡಿಗೆ ಬದಲಿಯಾದ ಕಡತವನ್ನು ಸಿದ್ಧಪಡಿಸುವುದು ಮೊದಲಾದ ಸಂಯೋಜನೆಗಳು ಅವಶ್ಯವಾಗುವುವು. ಇವುಗಳಲ್ಲಿ ಬಯೋಸ್ ಕಡತವು ತಯಾರಕರ ಸ್ವತ್ತಾದುದರಿಂದ, ಅದನ್ನು ಸ್ವಂತ ಯಂತ್ರದಿಂದಲೇ ಪಡೆಯುವಂತೆ ಎಮ್ಯುಲೇಟರ್ ರಚಿಸಿದವರು ಸಾಮಾನ್ಯವಾಗಿ ಸೂಚಿಸುತ್ತಾರೆ.

ಕನ್ನಡದಲ್ಲಿ ಈ ಪದವು ‘ಎಮ್ಯುಲೇಟರಿನಲ್ಲಿ ಆಡು’ ಎಂದು ವಿಭಕ್ತಿಪ್ರತ್ಯಯವನ್ನು ಸಹಜವಾಗಿಯೇ ಧರಿಸುತ್ತದೆ. ಇದಕ್ಕೆ ಬದಲಾಗಿ ‘ಅನುಕರಣೆ’ ಎಂದರೆ ಹೊರರೂಪದ ಹೋಲಿಕೆಯಷ್ಟೇ ಮನಸ್ಸಿಗೆ ಬರುವುದು. ಇಲ್ಲಿಯಾದರೋ ಮೂಲಯಂತ್ರವು ಮಾಡುತ್ತಿದ್ದ ಕೆಲಸವನ್ನು ಮತ್ತೊಂದು ಯಂತ್ರವು ನಿಜವಾಗಿ ನೆರವೇರಿಸುತ್ತದೆಯಾದುದರಿಂದ, ಈ ಪದವನ್ನು ಹಾಗೆಯೇ ಸ್ವೀಕರಿಸುವುದು ಯುಕ್ತ.