ಬೇಕರಿಯೊಳಗೆ ಬೆಂಚು ಬಂದ ಕಥೆ

ಭಾನುವಾರದ ಹತ್ತೂವರೆ ಗಂಟೆ ಎಂದರೆ ತಿಂಡಿಗೆ ತಡ, ಊಟಕ್ಕೆ ಬೇಗ. ಈ ನಡುಹೊತ್ತಿನಲ್ಲಿ ಮನೆಮಂದಿಯೆಲ್ಲ ಹತ್ತಿರದ ಬೇಕರಿಗೋ ಹೋಟೆಲಿಗೋ ಹೋಗಿ, ಅವಸರವಿಲ್ಲದೆ ತಿಂದು ಬರುವುದನ್ನು ದೊಡ್ಡ ನಗರಗಳವರು ‘ಬ್ರಂಚ್’ ಎನ್ನುತ್ತಾರೆ. 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಬರಹಗಾರ ಈ ಹೆಸರಿನ ಪರವಾಗಿ ಲೇಖನವನ್ನೇ ಬರೆದ. ಶನಿವಾರ ರಾತ್ರಿ ತಡವಾಗಿ ಮಲಗಿದವರು ಭಾನುವಾರ ನೆಮ್ಮದಿಯಿಂದ ಏಳಲಿ ಎಂಬುದು ಅವನ ವಾದ.

ಗದಗ-ಬೆಟಗೇರಿಯವರಿಗೆ ಈ ಪದ ಹೊಸದಿರಬಹುದು, ಹೊತ್ತಲ್ಲದ ಹೊತ್ತಿನ ತಿನಿಸು ಹೊಸದಲ್ಲ. ಗಿರಮಿಟ್ಟು, ಮಿರ್ಚಿ, ಬದನೆಕಾಯಿ ಬಜಿಗಳಿಗೆ ಇಲ್ಲಿ ಗಡಿಯಾರದ ಹಂಗಿಲ್ಲ. ಆದರೆ ಯಾರು ಬೇಕಾದರೂ ಒಳಗೆ ಬಂದು, ಯಾರ ಪಕ್ಕದಲ್ಲಾದರೂ ಕುಳಿತು, ಎಲ್ಲರಿಗೂ ಕೊಡುವ ಬಟ್ಟಲಿನಲ್ಲೇ ಚಹಾ ಕುಡಿಯುವ ರೂಢಿಗೆ ಮಾತ್ರ ಹೆಚ್ಚು ವಯಸ್ಸಾಗಿಲ್ಲ. ಬೇಕರಿಯ ಇತಿಹಾಸವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಹುದುಗಿನ ಅನುಮಾನ

ಗದಗ ಸೀಮೆ ಮೂಲತಃ ಜೋಳದ ರೊಟ್ಟಿಯ ನಾಡು. ಹಾಗೆಂದು ಗೋಧಿ ಇಲ್ಲಿಗೆ ಅಪರಿಚಿತವೇನಲ್ಲ. ಎರೆಹೊಲದಲ್ಲಿ ಬೆಳೆದ ಜವೆಗೋಧಿ ಹಬ್ಬದ ಹುಗ್ಗಿಗೆ, ಮಾದಲಿಗೆ ಒದಗುತ್ತಿತ್ತು. ಆದರೆ ಉಬ್ಬಿ ಬರುವ ಬ್ರೆಡ್ಡಿಗೆ ಬೇಕಾದ, ಎಳೆದಷ್ಟೂ ಹಿಗ್ಗುವ ಗುಣ ಈ ಗೋಧಿಯಲ್ಲಿ ಕಡಿಮೆ.

ಹುದುಗಿಸಿ ಭಟ್ಟಿಯಲ್ಲಿ ಬೇಯಿಸುವ ಬ್ರೆಡ್ಡನ್ನು ಪಶ್ಚಿಮ ಕರಾವಳಿಯಲ್ಲಿ ಬಳಕೆಗೆ ತಂದವರು 1510ರಲ್ಲಿ ಗೋವೆಯನ್ನು ಗೆದ್ದ ಪೋರ್ಚುಗೀಸರು. ‘ಪಾವ್’ ಎಂಬ ನಮ್ಮ ಪದ ಅವರ ಭಾಷೆಯದೇ. ಅಂಗಡಿಯಲ್ಲಿ ಯೀಸ್ಟ್ ಸಿಗದಿದ್ದ ಆ ಕಾಲದಲ್ಲಿ ಗೋವೆಯ ಭಟ್ಟಿಯವರು ತೆಂಗಿನ ಶೇಂದಿ ಬೆರೆಸಿ ಹಿಟ್ಟು ಹುದುಗಿಸುತ್ತಿದ್ದರು. ಶೇಂದಿ ಬಿದ್ದ ಹಿಟ್ಟು, ಅದನ್ನು ನಾದಿದ ಕೈ ಯಾವುದೆಂಬ ಪ್ರಶ್ನೆ, ಜೊತೆಗೆ ಮೊಟ್ಟೆಯ ಶಂಕೆ. ಇಷ್ಟು ಸಾಕಲ್ಲವೇ? ಮಡಿವಂತರ ಅಡುಗೆಮನೆಯಿಂದ ಬ್ರೆಡ್ಡು ಬಹುಕಾಲ ಹೊರಗೇ ಉಳಿಯಿತು. ಒಳಗೆ ಬಂದಾಗಲೂ ಅದು ಬಂದದ್ದು ಜ್ವರದವರ ಪಥ್ಯವಾಗಿ. ಹಾಲಿನಲ್ಲಿ ಅದ್ದಿ ತಿನ್ನಿಸುವ ಪದಾರ್ಥವಾಗಿ.

ಬೆಂಗಳೂರಿನಲ್ಲಿ ಈ ಅನುಮಾನಕ್ಕೆ ಪರಿಹಾರವಾಗಿ ಬಂದದ್ದು ‘ಅಯ್ಯಂಗಾರ್ ಬೇಕರಿ’. ಹಾಸನ ಜಿಲ್ಲೆಯ ಹಳ್ಳಿಗಳಿಂದ ಬಂದ ಅಯ್ಯಂಗಾರ್ ಕುಟುಂಬಗಳು ಈ ಕಸುಬು ಕಲಿತು, ಮೊಟ್ಟೆ ಬಳಸದೆ ಬ್ರೆಡ್ಡು, ಬನ್ನು, ಖಾರದ ಬಿಸ್ಕತ್ತು ತಯಾರಿಸಿದವು. ಬೋರ್ಡಿನ ಮೇಲೆ ಬರೆದ ಜಾತಿಯ ಹೆಸರು ಅಲಂಕಾರಕ್ಕಲ್ಲ. ‘ಇದನ್ನು ನೀವು ತಿನ್ನಬಹುದು’ ಎಂಬ ಭರವಸೆ ಅದು.

ಬೋರ್ಡಿನ ಎರಡು ಮುಖ

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಹಳೆಯ ಬೇಕರಿ ಎಂದರೆ ಒಂದು ಗಾಜಿನ ಕಪಾಟು, ಅದರ ಹಿಂದೆ ಮಾರುವವರು. ಗಿರಾಕಿ ಹೊರಗೆ ನಿಂತು ಕೊಂಡು, ಕಾಗದದಲ್ಲಿ ಕಟ್ಟಿಸಿಕೊಂಡು ಹೋಗುತ್ತಾನೆ. ಯಾರ ಪಕ್ಕದಲ್ಲಿ ಯಾರು ಕೂಡಬೇಕು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಹೋಟೆಲು ಹಾಗಲ್ಲ. ಅಲ್ಲಿ ಬೆಂಚು ಇದೆ, ತಟ್ಟೆ-ಲೋಟ ಇವೆ.

1880ರ ದಶಕದಲ್ಲಿ ಗದಗಕ್ಕೆ ರೈಲು ಬಂತು. ಹುಬ್ಬಳ್ಳಿ, ಬಳ್ಳಾರಿ, ವಿಜಾಪುರಗಳ ದಾರಿಗಳು ಕೂಡುವ ಜಂಕ್ಷನ್ ಆಯಿತು. ಹತ್ತಿಯ ಪೇಟೆ ಬೆಳೆಯಿತು. ಮನೆಯಿಂದ ದೂರ ಬಂದ ವ್ಯಾಪಾರಿ, ಹಮಾಲ, ಗುಮಾಸ್ತ, ವಿದ್ಯಾರ್ಥಿಗಳಿಗೆ ಹೊರಗೆ ಉಣ್ಣುವುದು ಅನಿವಾರ್ಯವಾಯಿತು. ಇಂಥವರ ಹಸಿವಿಗೆ ಒದಗಿದ್ದು ಖಾನಾವಳಿ. ಉತ್ತರ ಕರ್ನಾಟಕದ ಪೇಟೆಗಳಲ್ಲಿ ಲಿಂಗಾಯತ ಖಾನಾವಳಿ, ಬ್ರಾಹ್ಮಣರ ಫಲಾಹಾರ ಮಂದಿರ ಎಂಬ ಬೋರ್ಡುಗಳು ಸಾಮಾನ್ಯವಾದವು. ನೇಕಾರಿಕೆಗೆ ಹೆಸರಾದ ಸಾವಜಿ ಸಮಾಜದವರ ಖಾರದ ಮಾಂಸದೂಟದ ಖಾನಾವಳಿಗಳು ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ಪ್ರಸಿದ್ಧವಾದವು. ಬೆಂಗಳೂರಿನ ಎಂ.ಟಿ.ಆರ್. ಕೂಡ 1924ರಲ್ಲಿ ಆರಂಭವಾದದ್ದು ‘ಬ್ರಾಹ್ಮಣ ಕಾಫಿ ಕ್ಲಬ್’ ಎಂಬ ಹೆಸರಿನಲ್ಲಿ.

ಈ ಬೋರ್ಡುಗಳು ಒಬ್ಬರಿಗೆ ಸ್ವಾಗತ ಕೋರಿದರೆ ಇನ್ನೊಬ್ಬರಿಗೆ ಬಾಗಿಲಲ್ಲೇ ನಿಲ್ಲು ಎನ್ನುತ್ತಿದ್ದವು. ದಲಿತರಿಗೆ ಒಳಗೆ ಜಾಗವಿರಲಿಲ್ಲ. ಚಹಾ ಕೊಟ್ಟರೂ ಹೊರಗೆ, ಬೇರೆ ಬಟ್ಟಲಿನಲ್ಲಿ. ಕುಡಿದವರೇ ಅದನ್ನು ತೊಳೆದಿಡಬೇಕು. ಹನ್ನೆರಡನೆಯ ಶತಮಾನದಲ್ಲಿ ಶರಣರು ಜಾತಿ ಎಣಿಸದೆ ಒಟ್ಟಿಗೆ ಉಂಡ ನಾಡಿನಲ್ಲೇ ಇದು ನಡೆದಿತ್ತು ಎಂಬುದು ಮರೆಯುವ ಮಾತಲ್ಲ.

ಸಂವಿಧಾನದ ಬೆಂಚು

1950ರಲ್ಲಿ ಜಾರಿಗೆ ಬಂದ ಸಂವಿಧಾನ ಈ ಬಾಗಿಲನ್ನು ಹೆಸರು ಹಿಡಿದೇ ತೆರೆಯಿತು. ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳಿಗೆ ಜಾತಿಯ ಕಾರಣದಿಂದ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎಂದು 15ನೇ ವಿಧಿ ಹೇಳುತ್ತದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೋಟೆಲಿನ ಪಾತ್ರೆ ಬಳಸದಂತೆ ತಡೆಯುವುದೂ ಅಪರಾಧವೆಂದು ಸಾರಿತು. ಆರು ತಿಂಗಳವರೆಗೆ ಸೆರೆವಾಸ, 500 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿತ್ತು. 1976ರ ತಿದ್ದುಪಡಿಯ ನಂತರ ಈ ಕಾಯ್ದೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾಯಿತು. ಚಹಾದ ಬಟ್ಟಲೊಂದು ಸಂಸತ್ತಿನ ಗಮನ ಸೆಳೆದದ್ದು ಸಣ್ಣ ಸಂಗತಿಯಲ್ಲ.

ಇತ್ತ ಬ್ರೆಡ್ಡಿನ ಮೇಲಿನ ಅನುಮಾನವೂ ಕರಗುತ್ತ ಬಂತು. 1950-60ರ ದಶಕಗಳಲ್ಲಿ ಅಮೆರಿಕದ ಪಿ.ಎಲ್. 480 ಯೋಜನೆಯಡಿ ಗೋಧಿ ಹಡಗುಗಟ್ಟಲೆ ಬಂದು ಪಡಿತರ ಅಂಗಡಿ ಸೇರಿತು. 1965ರಲ್ಲಿ ಕೇಂದ್ರ ಸರ್ಕಾರವೇ ‘ಮಾಡರ್ನ್ ಬೇಕರೀಸ್’ ಸ್ಥಾಪಿಸಿ ಬ್ರೆಡ್ಡು ತಯಾರಿಕೆಗೆ ಇಳಿಯಿತು. ಯಂತ್ರ ನಾದಿದ, ಕಾಗದ ಸುತ್ತಿದ ಬ್ರೆಡ್ಡಿಗೆ ‘ಯಾರ ಕೈಯದು’ ಎಂದು ಕೇಳುವುದು ಹೇಗೆ?

ಹೀಗೆ ಬಾಗಿಲೂ ತೆರೆದು, ಬ್ರೆಡ್ಡೂ ಒಗ್ಗಿದ ಮೇಲೆ ಕಪಾಟಿನ ಮುಂದೆ ಬೆಂಚು ಹಾಕುವುದು ಸುಲಭವಾಯಿತು. ಬೇಕರಿಯೇ ಹೋಟೆಲಾಗಿ ಬೆಳೆದದ್ದಕ್ಕೆ ಬೆಂಗಳೂರಿನ ‘ಕೋಶೀಸ್’ ಒಳ್ಳೆಯ ಉದಾಹರಣೆ. 1940ರಲ್ಲಿ ಬೇಕರಿಯಾಗಿ ಆರಂಭವಾದ ಅದು ಮುಂದೆ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಲೇಖಕರು, ವಕೀಲರು, ಪತ್ರಕರ್ತರು ಗಂಟೆಗಟ್ಟಲೆ ಹರಟುವ ಉಪಾಹಾರಗೃಹವಾಯಿತು. ಚಿಕ್ಕ ಊರುಗಳಲ್ಲಿ ಇಷ್ಟು ಮೇಜು-ಕುರ್ಚಿಗಳಿಲ್ಲದಿದ್ದರೂ ಬೇಕರಿಯ ಎರಡು ಬೆಂಚು, ಚಹಾ, ಟೋಸ್ಟು, ಖಾರಿ ಅದೇ ಕೆಲಸ ಮಾಡುತ್ತವೆ.

ಆದರೆ ಕಥೆ ಮುಗಿದಿಲ್ಲ. ಕಾಯ್ದೆ ಬಂದು 70 ವರ್ಷ ದಾಟಿದರೂ ಕೆಲವು ಹಳ್ಳಿಗಳ ಹೋಟೆಲುಗಳಲ್ಲಿ ಪ್ರತ್ಯೇಕ ಲೋಟ ಇಟ್ಟ, ಒಳಗೆ ಬಿಡದ ಪ್ರಕರಣಗಳು ವರದಿಯಾಗುತ್ತಲೇ ಇವೆ. ಅಂಥ ಊರಿನ ಯುವಕನಿಗೆ ಪೇಟೆಯ ಬೇಕರಿಯ ಬೆಂಚು ಬರೀ ಬಾಯಿರುಚಿಯ ಜಾಗವಲ್ಲ. ಅಲ್ಲಿ ಅವನನ್ನು ಕೇಳುವ ಪ್ರಶ್ನೆ ಒಂದೇ: ಚಹಾ ಅರ್ಧವೋ, ಫುಲ್ಲೋ?